ಕೋಚ್ ಗಡಿಯಾರ ನೋಡಲಿ, ನೀನು ಹುಡುಗರ ಮುಖ ನೋಡು

ಕೊಲಂಬಸ್, ಒಹಾಯೊ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೇಲ್ ಓದಿದೆ. ಫೋನ್ ಮಾಡಿಯೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯೋಕೆ ಬಿಡೋದಿಲ್ಲ, ಥೇಟ್ ನಿನ್ನಪ್ಪನ ಹಾಗೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಥ್ಲೆಟಿಕ್ ಟ್ರೇನರ್ ಆಗೋಕೆ, ಅಂದರೆ ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳೋಕೆ ಓದುತ್ತಿರುವವಳು ನೀನು. ನಿನ್ನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿಗೆ ಹೊಸ ಹೆಡ್ ಕೋಚ್ ಬಂದ ಮೇಲೆ ಉಸಿರು ಕಟ್ಟಿದ ಹಾಗಾಗಿದೆ, ಆ ಪೋಸ್ಟಿಂಗ್ ಬಿಟ್ಟು ವಾಲಿಬಾಲ್ ಟೀಮಿಗೆ ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀಯ. ನಿನ್ನಮ್ಮನಿಗೂ ಇದನ್ನೇ ಹೇಳಿದೆಯಂತೆ. ಅವಳು ನನಗೆ ಫೋನ್ ಮಾಡಿ, "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಸ್ವಲ್ಪ ದಿನ ಹೋದರೆ ಸರಿಹೋಗುತ್ತೆ ಅಲ್ವಾ ಭಾವ?" ಅಂದಳು. ಗಾದೆ ಚೆನ್ನಾಗಿದೆ. ಆದರೆ ಈ ದೇಶದ ಕಾಲೇಜ್ ಫುಟ್‌ಬಾಲ್ ಕೋಚ್‌ಗಳನ್ನು ಅವಳು ನೋಡಿಲ್ಲ. ಇವರಲ್ಲಿ ಕೆಲವರು ರಿಟೈರ್ ಆಗುವ ತನಕ ಎತ್ತೆತ್ತಿಯೇ ಒಗೆಯುತ್ತಾರೆ.

ಮೊದಲು ನಿನ್ನ ದೂರುಗಳನ್ನೇ ನೋಡೋಣ. ಐದೂವರೆಗೆ ವರ್ಕ್‌ಔಟ್ ಅಂದರೆ ಐದೂ ಇಪ್ಪತ್ತಕ್ಕೇ ಬಾಗಿಲು ಹಾಕಿಬಿಡುತ್ತಾರೆ. ಕಟ್ಟಡದ ಒಳಗೆ ಟೋಪಿ ಹಾಕುವಂತಿಲ್ಲ. ಮೀಟಿಂಗಿಗೆ ಮುಂಚೆ ಎಲ್ಲರ ಫೋನೂ ಪ್ಲಾಸ್ಟಿಕ್ ಡಬ್ಬಕ್ಕೆ. ಕ್ಲಾಸಿನಲ್ಲಿ ಮುಂದಿನ ಎರಡು ಸಾಲಿನಲ್ಲೇ ಕೂರಬೇಕು, ಕೂತಿದ್ದಾರಾ ಅಂತ ನೋಡೋಕೆ ಒಬ್ಬ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ನಿಮ್ಮ ಟ್ರೇನಿಂಗ್ ರೂಮಿನಲ್ಲಿ ಹಾಡು ಬಂದ್. ಇದಿಷ್ಟರಲ್ಲಿ ನನಗೇನೂ ತಪ್ಪು ಕಾಣಲಿಲ್ಲ ಕಣಮ್ಮ. ನೂರಕ್ಕೂ ಜಾಸ್ತಿ ಹುಡುಗರು, ಹದಿನೆಂಟರಿಂದ ಇಪ್ಪತ್ತೆರಡು ವಯಸ್ಸು. ಕೆಲವರ ಕೈಗೆ ಈಗ ಲೆಕ್ಕವಿಲ್ಲದಷ್ಟು ದುಡ್ಡೂ ಬರುತ್ತದೆ. ಇವರನ್ನು ಒಂದೇ ಹೊತ್ತಿಗೆ ಒಂದು ಕೋಣೆಯಲ್ಲಿ ಕೂರಿಸೋದೇ ದೊಡ್ಡ ಕೆಲಸ. ಹತ್ತು ನಿಮಿಷ ಮುಂಚೆ ಬರಬೇಕು ಅನ್ನೋ ನಿಯಮ ನಿನಗೂ ಅನ್ವಯಿಸುತ್ತೆ ಅನ್ನೋದೇ ನಿನ್ನ ಸಿಟ್ಟಿಗೆ ಅರ್ಧ ಕಾರಣ ಅಂತ ನನ್ನ ಗುಮಾನಿ. ಅಲಾರಂ ಇಟ್ಟುಕೋ. ಟೋಪಿ ತೆಗಿ. ಇಂಥ ವಿಷಯಕ್ಕೆಲ್ಲ ಜಗಳ ಮಾಡಿ ನಿನ್ನ ಮಾತಿನ ಬೆಲೆ ಖರ್ಚು ಮಾಡಿಕೊಳ್ಳಬೇಡ. ಆ ಬೆಲೆ ಬೇರೆ ಕಡೆ ಬೇಕಾಗುತ್ತದೆ.

ಈ ಆಟದಲ್ಲಿ ಬಿಗಿ ಕೋಚ್ ಅನ್ನೋದು ಹೊಸದೇನಲ್ಲ. 1969ರಲ್ಲಿ ಮಿಷಿಗನ್ ಯೂನಿವರ್ಸಿಟಿಗೆ ಬೋ ಶೆಂಬೆಕ್ಲರ್ ಕೋಚ್ ಆಗಿ ಬಂದ. (ಅವರು ನಮ್ಮ ಬದ್ಧ ಎದುರಾಳಿಗಳು. ನಮ್ಮೂರಲ್ಲಿ ಆ ರಾಜ್ಯದ ಹೆಸರನ್ನೂ ಬಾಯಲ್ಲಿ ಹೇಳೋದಿಲ್ಲ, 'ಆ ಮೇಲಿನ ಟೀಮು' ಅಂತಾರೆ. ನಾನು ಬರೆದದ್ದು ಪಕ್ಕದ ಮನೆಯವರಿಗೆ ಗೊತ್ತಾಗದಿರಲಿ.) ಬಂದವನೇ ಹುಡುಗರನ್ನು ಎಷ್ಟು ಅರೆದ ಅಂದರೆ ಗುಂಪು ಗುಂಪಾಗಿ ಬಿಟ್ಟು ಹೋದರು. 'ಉಳಿದವರು ಚಾಂಪಿಯನ್ ಆಗುತ್ತಾರೆ' ಅಂತ ಗೋಡೆಗೆ ಒಂದು ಬೋರ್ಡ್ ಹಾಕಿಸಿದ. ಬಿಟ್ಟು ಹೋಗುತ್ತಿದ್ದ ಹುಡುಗನೊಬ್ಬ ಅದರ ಕೆಳಗೆ, ಹೋದವರು ಡಾಕ್ಟರು, ಲಾಯರು, ದೊಡ್ಡ ಕಂಪನಿ ಯಜಮಾನರು ಆಗುತ್ತಾರೆ ಅಂತ ಬರೆದು ಹೋದ ಅನ್ನೋ ಕಥೆ ಇದೆ. ಆ ವರ್ಷ ನವೆಂಬರಿನಲ್ಲಿ ಬೋ ಟೀಮು ನಮ್ಮ ಒಹಾಯೊ ಸ್ಟೇಟ್ ಯೂನಿವರ್ಸಿಟಿ ಟೀಮನ್ನು 24–12ರಲ್ಲಿ ಸೋಲಿಸಿತು. ನಮ್ಮವರು ಅದಕ್ಕೆ ಮುಂಚೆ ಸತತ 22 ಪಂದ್ಯ ಗೆದ್ದಿದ್ದರು. ನನಗಂತೂ ಬೋರ್ಡ್ ಬರೆಸಿದವನಿಗಿಂತ ಕೆಳಗೆ ಬರೆದ ಹುಡುಗನೇ ಇಷ್ಟ. ಆದರೂ ಬೋ ಮಾಡಿದ್ದು ತಪ್ಪು ಅಂತ ಹೇಳೋಕೆ ಬಾಯಿ ಬರೋದಿಲ್ಲ.

ಬಿಗಿ ಅನ್ನೋದು ಒಳ್ಳೆಯದೋ ಕೆಟ್ಟದ್ದೋ ಅಂತ ಒಟ್ಟಾಗಿ ತೂಗೋಕೆ ಹೋಗಬೇಡ. ಅದು ಯಾರ ಮೇಲೆ ಬೀಳುತ್ತದೆ, ಯಾವಾಗ ಬೀಳುತ್ತದೆ ನೋಡು. ಅಲಬಾಮಾ ಯೂನಿವರ್ಸಿಟಿಯ ಕೋಚ್ ಬೇರ್ ಬ್ರಯಂಟ್ ಹೆಸರು ನೀನು ಕೇಳಿರುತ್ತೀಯ. 1963ರ ಡಿಸೆಂಬರಿನಲ್ಲಿ ಅವನ ಟೀಮಿನ ಅತಿ ದೊಡ್ಡ ಸ್ಟಾರ್, ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋ ನೇಮತ್, ಕುಡಿದು ನಿಯಮ ಮುರಿದ. ಇನ್ನೂ ಎರಡು ಪಂದ್ಯ ಬಾಕಿ, ಅದರಲ್ಲೊಂದು ಷುಗರ್ ಬೌಲ್ ಅನ್ನೋ ಸೀಸನ್ ಕೊನೆಯ ದೊಡ್ಡ ಪಂದ್ಯ. ಬ್ರಯಂಟ್ ಎರಡರಿಂದಲೂ ಅವನನ್ನು ಹೊರಗಿಟ್ಟ. ಷುಗರ್ ಬೌಲ್‌ನಲ್ಲಿ ಅಲಬಾಮಾ ಒಂದು ಸಲವೂ ಚೆಂಡನ್ನು ಗೆರೆ ದಾಟಿಸಿ ಟಚ್‌ಡೌನ್ ಮಾಡಲಿಲ್ಲ. ಕಿಕ್ಕರ್ ಕಂಬಗಳ ನಡುವೆ ಒದ್ದ ನಾಲ್ಕು ಫೀಲ್ಡ್ ಗೋಲ್‌ಗಳಲ್ಲಿ 12–7ಕ್ಕೆ ಹೇಗೋ ಗೆದ್ದರು. ಮುಂದಿನ ವರ್ಷ ನೇಮತ್ ವಾಪಸ್ ಬಂದು ಆಡಿದ, ಅಲಬಾಮಾ ರಾಷ್ಟ್ರೀಯ ಚಾಂಪಿಯನ್ ಆಯಿತು. ನಿಮ್ಮ ಕೋಚ್ ಹೇಗೆ ಅಂತ ಗೊತ್ತಾಗಬೇಕಾದರೆ ಇಂಥ ದಿನಕ್ಕೆ ಕಾಯಿ. ಸೆಪ್ಟೆಂಬರಿನಲ್ಲಿ ಅವನ ಸ್ಟಾರ್ ಹುಡುಗನೊಬ್ಬ ಐದೂ ಇಪ್ಪತ್ತೊಂದಕ್ಕೆ ಬಂದರೆ ಬಾಗಿಲು ತೆರೆಯುತ್ತದಾ?

ಇನ್ನೊಂದು ಸಂಗತಿ ನಮ್ಮೂರಿನದು. ವುಡಿ ಹೇಯ್ಸ್ ಇಲ್ಲಿ 1951ರಿಂದ 28 ಸೀಸನ್ ಕೋಚ್ ಆಗಿದ್ದವನು. ಬೋ ಕಲಿತದ್ದೂ ಇವನ ಕೈಯಲ್ಲೇ. ಹುಡುಗರು ಡಿಗ್ರಿ ಮುಗಿಸಲೇಬೇಕು ಅಂತ ಬೆನ್ನು ಹತ್ತುತ್ತಿದ್ದ, ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ಮಾತಾಡಿಸುತ್ತಿದ್ದ ಅಂತ ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. ಅಷ್ಟೆಲ್ಲ ಶಿಸ್ತಿನ ಮನುಷ್ಯ 1978ರ ಗೇಟರ್ ಬೌಲ್‌ನಲ್ಲಿ, ಟೀವಿ ಕ್ಯಾಮೆರಾ ಮುಂದೆಯೇ, ಎದುರು ಟೀಮಿನ ಹುಡುಗನಿಗೆ ಗುದ್ದಿದ. ಮಾರನೇ ದಿನ ಕೆಲಸ ಹೋಯಿತು. ಊರಿನಲ್ಲಿ ಅವನ ಹೆಸರಿನ ರಸ್ತೆ ಇದೆ, ಟೀಮು ಪ್ರಾಕ್ಟೀಸ್ ಮಾಡುವ ಕಟ್ಟಡಕ್ಕೂ ಅವನದೇ ಹೆಸರು. ಆದರೆ ವುಡಿ ಅಂದರೆ ಹೊರಗಿನವರಿಗೆ ಮೊದಲು ನೆನಪಾಗೋದು ಆ ಗುದ್ದು. ಹುಡುಗರ ಸಿಟ್ಟನ್ನು ಹತೋಟಿಗೆ ತರುವ ಕೋಚ್ ತನ್ನ ಸಿಟ್ಟನ್ನು ಏನು ಮಾಡುತ್ತಾನೆ ಅನ್ನೋದರ ಮೇಲೂ ಒಂದು ಕಣ್ಣಿರಲಿ.

ಈಗ ನಿನ್ನ ಮೇಲ್‌ನಲ್ಲಿ ನನಗೆ ಚುಚ್ಚಿದ ಭಾಗಕ್ಕೆ ಬರುತ್ತೇನೆ. ನೀನು ಅದನ್ನು ಟೋಪಿ, ಫೋನುಗಳ ನಡುವೆ ಸುಮ್ನೆ ಒಂದು ಸಾಲಾಗಿ ಬರೆದಿದ್ದೀಯ. ಸ್ಕೂಟರ್ ಕೆಟ್ಟು ತಡವಾಗಿ ಬಂದ ಹುಡುಗನನ್ನು ಮುಂದೆ ನಿಲ್ಲಿಸಿ, ಅವನ ಎದುರಿಗೇ ಉಳಿದವರೆಲ್ಲರ ಕೈಯಲ್ಲಿ ಅಪ್-ಡೌನ್ ಹೊಡೆಸಿದರು ಅಂದೆಯಲ್ಲ. ಬಿದ್ದು ಎದ್ದು, ಬಿದ್ದು ಎದ್ದು, ಲೆಕ್ಕ ಯಾರೂ ಹೇಳದೆ. ಲೈನ್‌ಮನ್ (ಮುಂದಿನ ಸಾಲಿನ ಭಾರೀ ಆಟಗಾರ) ಒಬ್ಬ ಗೋಡೆ ಹಿಡಿದು ನಿಂತಾಗ ನೀನು ನೀರು ತೆಗೆದುಕೊಂಡು ಹೊರಟೆ. ವ್ಯಾಯಾಮ ಮಾಡಿಸುವ ಸ್ಟ್ರೆಂತ್ ಕೋಚ್ ಕೈ ಅಡ್ಡ ಹಿಡಿದು, ಸೆಟ್ ಮುಗೀಲಿ ಅಂದ. ನೀನು ನಿಂತುಬಿಟ್ಟೆ.

ಪುಟ್ಟಿ, ಇದು ಟೋಪಿ ಥರದ ವಿಷಯವಲ್ಲ.

ನೀರು ಕೊಡದೆ ಗಟ್ಟಿ ಮಾಡುವ ಹುಚ್ಚು ಇಲ್ಲಿ ತುಂಬಾ ಹಳೆಯದು. ಅದೇ ಬೇರ್ ಬ್ರಯಂಟ್ 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಗೆ ಹೊಸ ಕೋಚ್ ಆಗಿ ಬಂದಾಗ ಹುಡುಗರನ್ನು ಬಸ್ಸಿಗೆ ತುಂಬಿ ಜಂಕ್ಷನ್ ಅನ್ನೋ ಸಣ್ಣ ಊರಿಗೆ ಕರೆದುಕೊಂಡು ಹೋದ. ಬರಗಾಲದ ವರ್ಷ, ಕಲ್ಲುಮುಳ್ಳಿನ ನೆಲ, ಮೈ ಸುಡುವ ಬಿಸಿಲು. ಪ್ರಾಕ್ಟೀಸ್ ಹೊತ್ತಿನಲ್ಲಿ ತೊಟ್ಟು ನೀರಿಲ್ಲ. ರಾತ್ರೋರಾತ್ರಿ ಹುಡುಗರು ಗಂಟುಮೂಟೆ ಕಟ್ಟಿ ಓಡಿಹೋದರು. ಹತ್ತು ದಿನದ ಮೇಲೆ ಹೋದವರಲ್ಲಿ ಮೂರರಲ್ಲೊಂದು ಪಾಲು ಉಳಿದಿದ್ದರೆ ಹೆಚ್ಚು. ಒಬ್ಬ ಹುಡುಗ ಬಿಸಿಲು ಬಡಿದು ಸಾಯುವ ಹಾಗಾಗಿ ಬದುಕಿದ. ಈ ಕಥೆಯನ್ನು ಇಲ್ಲಿ ಗಂಡಸುತನದ ಪುರಾಣದ ಹಾಗೆ ಹೇಳುತ್ತಾರೆ. 1956ರಲ್ಲಿ ಆ ಟೀಮು ತನ್ನ ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಗೆದ್ದದ್ದನ್ನೂ ಸೇರಿಸುತ್ತಾರೆ. 1954ರ ಸೀಸನ್‌ನಲ್ಲಿ ಒಂದು ಗೆಲುವು, ಒಂಬತ್ತು ಸೋಲು ಅನ್ನೋದನ್ನು ಯಾರೂ ಹೇಳೋದಿಲ್ಲ. ಗೆಲುವುಗಳಿಗಿಂತ ಸೋಲುಗಳೇ ಜಾಸ್ತಿಯಾದ ವರ್ಷ ಬ್ರಯಂಟ್ ಜೀವನದಲ್ಲಿ ಅದೊಂದೇ. ಜಂಕ್ಷನ್‌ಗೆ ಹೋದವರಲ್ಲಿ ಕೆಲವರಷ್ಟೇ 1956ರಲ್ಲಿ ಟೀಮಿನಲ್ಲಿದ್ದರು.

ಹಳೇ ಕಾಲದ ಮಾತು ಅಂತೀಯಾ? 2018ಕ್ಕೆ ಬಾ. ಮೇರಿಲ್ಯಾಂಡ್ ಯೂನಿವರ್ಸಿಟಿಯ ಜೋರ್ಡನ್ ಮೆಕ್‌ನೇರ್, 19 ವರ್ಷ, ಭಾರೀ ಮೈಕಟ್ಟಿನ ಲೈನ್‌ಮನ್. ಮೇ 29ರಂದು 110 ಗಜದ ಓಟಗಳನ್ನು ಓಡಿಸುತ್ತಿದ್ದರು. ಕೊನೆಕೊನೆಗೆ ಅವನಿಗೆ ನಿಲ್ಲೋಕೂ ಆಗುತ್ತಿರಲಿಲ್ಲ. ಲಕ್ಷಣ ಕಾಣಿಸಿ ಒಂದು ಗಂಟೆ ದಾಟಿದ ಮೇಲೆ ಆಂಬುಲೆನ್ಸ್‌ಗೆ ಫೋನ್ ಹೋಯಿತು. ಮೈ ಕಾದು ಹೀಟ್‌ಸ್ಟ್ರೋಕ್ ಆಗಿದ್ದರೂ ತಣ್ಣೀರಿನ ಟಬ್‌ಗೆ ಇಳಿಸಲೇ ಇಲ್ಲ. ಜೂನ್ 13ಕ್ಕೆ ಹುಡುಗ ತೀರಿಕೊಂಡ. ಸ್ಟ್ರೆಂತ್ ಕೋಚ್ ರಾಜೀನಾಮೆ ಕೊಟ್ಟ, ಅಕ್ಟೋಬರ್ ಕೊನೆಗೆ ಹೆಡ್ ಕೋಚ್ ಹೋದ, ಆಮೇಲೆ ಇಬ್ಬರು ಅಥ್ಲೆಟಿಕ್ ಟ್ರೇನರ್‌ಗಳೂ ಕೆಲಸ ಕಳೆದುಕೊಂಡರು. ಕೊನೆಯದನ್ನು ಇನ್ನೊಂದು ಸಲ ಓದು, ನಿನ್ನ ಕಸುಬಿನವರು ಅವರು. ಅಲ್ಲಿ ವಿಚಾರಣೆ ಮಾಡಿದ ಸಮಿತಿಗೆ ಕಂಡದ್ದು, ಹುಡುಗರು ಬಾಯಿಬಿಡೋಕೆ ಹೆದರುತ್ತಿದ್ದರು, ಅದಕ್ಕೇ ಸಮಸ್ಯೆಗಳು ಒಳಗೊಳಗೇ ಕೀವು ಕಟ್ಟಿದವು ಅಂತ.

ಅಷ್ಟು ಹೊತ್ತಿಗೆ ನಿಯಮ ಇರಲಿಲ್ಲ ಅಂತಲ್ಲ. ಆಟಗಾರನ ಚಿಕಿತ್ಸೆ ವಿಷಯದಲ್ಲಿ, ಅವನು ಯಾವಾಗ ಮತ್ತೆ ಆಡಬಹುದು ಅನ್ನೋ ವಿಷಯದಲ್ಲಿ ಡಾಕ್ಟರ್ ಮತ್ತು ಅಥ್ಲೆಟಿಕ್ ಟ್ರೇನರ್ ಹೇಳಿದ್ದೇ ಕೊನೆ, ಕೋಚ್ ಅದನ್ನು ಮೀರುವಂತಿಲ್ಲ ಅಂತ ದೊಡ್ಡ ಐದು ಕಾನ್ಫರೆನ್ಸ್‌ಗಳು 2016ರಲ್ಲೇ ಒಪ್ಪಿದ್ದವು. ಮೇರಿಲ್ಯಾಂಡ್ ಇರೋದು ಅದರಲ್ಲೊಂದಾದ ಬಿಗ್ ಟೆನ್‌ನಲ್ಲಿ. ನಿಯಮ ಕಾಗದದ ಮೇಲಿತ್ತು. ಬಯಲಿನಲ್ಲಿ ನಿಂತವರಿಗೆ ಕೈ ಎತ್ತಿ ನಿಲ್ಲಿಸಿ ಅನ್ನೋ ಅಭ್ಯಾಸ ಇರಲಿಲ್ಲವೋ ಏನೋ. ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸಬಾರದು ಅಂತ, ಕಾಲೇಜ್ ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ 2019ರಲ್ಲಿ ಸ್ಪಷ್ಟವಾಗಿ ಶಿಫಾರಸು ಮಾಡಿತು. ಸ್ಕೂಟರ್ ಹುಡುಗನ ದಿನ ನಿಮ್ಮಲ್ಲಿ ನಡೆದದ್ದು ಅದಕ್ಕೆ ನೇರ ವಿರುದ್ಧ.

ಮೈಸೂರಿನ ಗರಡಿಗಳಲ್ಲಿ ಉಸ್ತಾದರು ಹುಡುಗರಿಗೆ ಸಾಮು ಮಾಡಿಸೋದನ್ನು ನಾನು ನೋಡಿದ್ದೇನೆ. ಬೈಗುಳಕ್ಕೆ ಬರವಿಲ್ಲ. ಆದರೆ ಯಾವ ಹುಡುಗನ ಉಸಿರು ಎಷ್ಟು ಅಂತ ಉಸ್ತಾದರಿಗೆ ಗೊತ್ತಿರುತ್ತಿತ್ತು, ಯಾಕಂದರೆ ಅವರ ಕಣ್ಣ ಮುಂದೆ ಇರುತ್ತಿದ್ದದ್ದು ಹತ್ತೋ ಹನ್ನೆರಡೋ ಹುಡುಗರು. ನೂರಿಪ್ಪತ್ತು ಹುಡುಗರನ್ನು ಒಂದೇ ಸೀಟಿ ಊದಿ ಓಡಿಸುವವನಿಗೆ ಅದು ಹೇಗೆ ಗೊತ್ತಾಗಬೇಕು? 80 ಕಿಲೋ ರಿಸೀವರ್‌ಗೂ 145 ಕಿಲೋ ಲೈನ್‌ಮನ್‌ಗೂ ಒಂದೇ ಓಟ. ಅದಕ್ಕೇ ಅಲ್ವಾ ನಿಮ್ಮನ್ನು ಪಕ್ಕದಲ್ಲಿ ನಿಲ್ಲಿಸಿರೋದು?

ಅದೂ ಅಲ್ಲದೆ, ಬೇಸಿಗೆಯ ವರ್ಕ್‌ಔಟ್ ಹೆಚ್ಚಾಗಿ ಸ್ಟ್ರೆಂತ್ ಕೋಚ್ ಕೈಯಲ್ಲಿರುತ್ತದೆ. ಹೆಡ್ ಕೋಚ್ ಹೊಸ ಜಾಗಕ್ಕೆ ಬರುವಾಗ ಅವನನ್ನು ಜೊತೆಗೇ ಕರೆತರುತ್ತಾನೆ. ಯಜಮಾನ ಬಿಗಿ ಅಂತ ತೋರಿಸೋಕೆ ಹೋಗಿ ಇವನು ಇನ್ನೂ ಬಿಗಿಯಾಗುತ್ತಾನೆ. ನಿಮ್ಮ ಹೆಡ್ ಕೋಚ್‌ಗೆ ಆ ನೀರಿನ ಸಂಗತಿ ಗೊತ್ತೇ ಇಲ್ಲದೆ ಇರಬಹುದು.

ಹಾಗಾದರೆ ಏನು ಮಾಡಬೇಕು? ನೀನಿನ್ನೂ ವಿದ್ಯಾರ್ಥಿ. ಸ್ಟ್ರೆಂತ್ ಕೋಚ್ ಎದುರು ನಿಂತು ಕೂಗಾಡು ಅಂತ ನಾನು ಹೇಳೋದಿಲ್ಲ. ನಿನ್ನ ಮೇಲಿನ ಟ್ರೇನರ್ ಇದ್ದಾರಲ್ಲ, ಆಯಮ್ಮನ ಹತ್ತಿರ ನಾಳೆಯೇ ಹೋಗಿ ಅವತ್ತು ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳು. ಕೋಚ್ ಕೆಟ್ಟವನು ಅನ್ನಬೇಡ. ಹುಡುಗನಿಗೆ ನೀರು ಕೊಡೋಕೆ ಬಿಡಲಿಲ್ಲ ಅನ್ನು. ಹೇಳಿದ ಮೇಲೆ ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸು, ತಾರೀಖು ಸಮೇತ. ಮುಂದಿನ ಸಲ ಯಾರಾದರೂ ಕೈ ಅಡ್ಡ ಹಿಡಿದರೆ ಯಾರನ್ನು ಕರೆಯಬೇಕು ಅಂತ ಈಗಲೇ ಕೇಳಿಟ್ಟುಕೋ. ಹುಡುಗರ ಹತ್ತಿರ ಕೋಚ್ ಬಗ್ಗೆ ಹರಟಬೇಡ. ಅವರು ನಗುತ್ತಾರೆ, ಮಧ್ಯಾಹ್ನದೊಳಗೆ ಅದು ಅವನ ಕಿವಿಗೆ ಬಿದ್ದಿರುತ್ತದೆ. ಆಮೇಲೆ ನೀನು ನೀರಿನ ವಿಷಯ ಎತ್ತಿದರೂ ಸೇಡು ಅಂದುಕೊಳ್ಳುತ್ತಾನೆ.

ಕೋಚ್‌ಗಳಿಗೂ ಗಂಟೆಯ ಲೆಕ್ಕ ಇದೆ ಅನ್ನೋದು ನೆನಪಿರಲಿ. ಹುಡುಗರಿಂದ ತಯಾರಿ ಮಾಡಿಸೋಕೆ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ಬೇಸಿಗೆಯಲ್ಲಿ 8. ಆಗಸ್ಟ್ ಕ್ಯಾಂಪ್‌ನಲ್ಲಿ ಮೊದಲ ದಿನಗಳು ಬರೀ ಹೆಲ್ಮೆಟ್ ಹಾಕಿ ಪ್ರಾಕ್ಟೀಸ್. ದಿನಕ್ಕೆರಡು ಪೂರ್ತಿ ಪ್ರಾಕ್ಟೀಸ್ 2017ರಲ್ಲೇ ನಿಂತುಹೋಯಿತು. ಬೇರೆಯವರ ಒಂದು ನಿಮಿಷವನ್ನೂ ಬಿಡದವನು ತನ್ನ ಗಂಟೆಗಳನ್ನು ಹೇಗೆ ಲೆಕ್ಕ ಹಾಕುತ್ತಾನೆ ಅಂತ ನೋಡಿದರೆ ಅವನ ಶಿಸ್ತು ಎಷ್ಟು ನಿಜ ಅಂತ ತಿಳಿಯುತ್ತೆ. ಇನ್ನು ಹುಡುಗರು. ಜಂಕ್ಷನ್ ಕಾಲದಲ್ಲಿ ಕೋಚ್‌ನನ್ನು ಬಿಟ್ಟರೆ ಅವರಿಗೆ ಗತಿ ಇರಲಿಲ್ಲ. ಈಗ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಬೇಡವಾದರೆ ಬೇರೆ ಕಾಲೇಜಿಗೆ ಹೋಗಿ ಅದೇ ವರ್ಷ ಆಡುತ್ತಾರೆ. ಬರೀ ಹೆದರಿಕೆಯಿಂದ ಟೀಮು ಕಟ್ಟೋಕೆ ಹೋದವನ ಹತ್ತಿರ ಟೀಮೇ ಉಳಿಯೋದಿಲ್ಲ. ನಿಮ್ಮವನು ದಡ್ಡನಲ್ಲದಿದ್ದರೆ ಇಷ್ಟು ಅವನಿಗೂ ಗೊತ್ತಿರುತ್ತದೆ.

ವಾಲಿಬಾಲ್‌ಗೆ ಹೋಗಬೇಡ. ಆರಾಮಾಗಿರುತ್ತೆ, ಒಪ್ಪುತ್ತೇನೆ. ಆದರೆ ಗೋಡೆ ಹಿಡಿದು ನಿಂತ ಆ ಹುಡುಗನನ್ನು ಮೊದಲು ನೋಡಿದವಳು ನೀನು. ಅಲ್ಲಿದ್ದ ಬೇರೆ ಯಾರೂ ನೀರು ಹಿಡಿದು ಹೊರಟಿರಲಿಲ್ಲ. ಆಗಸ್ಟ್ ಬಿಸಿಲಿಗೆ ಅಂಥವರು ಆ ಬಯಲಿನಲ್ಲಿ ಬೇಕು. ಕ್ಯಾಂಪ್ ಮುಗಿದ ಮೇಲೂ ಆಗೋದಿಲ್ಲ ಅನ್ನಿಸಿದರೆ ಆಗ ಬಿಡು, ನಾನು ಒಂದು ಮಾತೂ ಆಡೋದಿಲ್ಲ. ನಿನ್ನಮ್ಮನಿಗೂ ನಾನೇ ಹೇಳುತ್ತೇನೆ.

ಒಂದು ವಿಷಯ ತಿಳಿಸು. ಹೋದ ಸಲ ನಾನು ಅಲ್ಲಿಗೆ ಬಂದಾಗ ನೀನು ದನಗಳಿಗೆ ನೀರಿಡುವಂಥ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ತೋರಿಸಿ, ಐಸ್ ಹಾಕಿ ಇದರಲ್ಲೇ ಮುಳುಗಿಸೋದು, ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆ ಅಂದಿದ್ದೆ. ಅದು ಆಗ ಸ್ಟೋರ್ ರೂಮಿನಲ್ಲಿ ಬೋರಲು ಬಿದ್ದಿತ್ತು. ಅದನ್ನು ಬೆಳಿಗ್ಗೆ ಬಯಲಿಗೆ ತಂದು ತುಂಬಿಸುವವರು ಯಾರು, 145 ಕಿಲೋ ಹುಡುಗನನ್ನು ಎತ್ತಿ ಅದರೊಳಗೆ ಇಡೋಕೆ ಎಷ್ಟು ಜನ ಬೇಕು, ಒಂದು ಸಲವಾದರೂ ಎತ್ತಿ ನೋಡಿದ್ದೀರಾ? ಕೇಳಿ ಬರಿ.

ನಿನ್ನ ದೊಡ್ಡಮ್ಮ ಚಟ್ನಿಪುಡಿ, ಹುರಿಗಡಲೆ ಪಾರ್ಸೆಲ್ ಮಾಡಿದ್ದಾಳೆ, ಗುರುವಾರ ತಲುಪಬೇಕು.

ಇಂತಿ,
ನಿನ್ನ ದೊಡ್ಡಪ್ಪ