ಪೊರೆ ತೆಗೆಸಲು ಹೊರಟ ಸೋದರಳಿಯನಿಗೆ

ಧಾರವಾಡ

ಚಿರಂಜೀವಿ ಶ್ರೀನಿಧಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಉಭಯ ಕುಶಲೋಪರಿ. ಎಡಗಣ್ಣಿನ ಪೊರೆಯನ್ನು ಈ ತಿಂಗಳೊಳಗೇ ತೆಗೆಸಿಕೊಂಡು, ಮುಂದಿನ ತಿಂಗಳು ಕಂಪನಿಯ ಕೆಲಸದ ಮೇಲೆ ಆರು ತಿಂಗಳಿಗೆಂದು ಜರ್ಮನಿಗೆ ಹೊರಡುವೆಯೆಂದು ಅಕ್ಕ ತಿಳಿಸಿದಳು. ನೀನು ಕಳುಹಿಸಿದ ಆಸ್ಪತ್ರೆಯ ಕಾಗದಗಳನ್ನೂ ಓದಿದೆ. ಕೆಲವೇ ವಾರಗಳ ಹಿಂದೆ ಆ ಕಣ್ಣು ಮತ್ತೆ ಕೆಂಪೇರಿ, ಒಳಗೆ ಉರಿಯೂತದ ಕಣಗಳು ಕಂಡವೆಂದು ಅವುಗಳಲ್ಲಿದೆ. ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನಾಗಿ ಸುತ್ತಿಬಳಸದೆ ಹೇಳುತ್ತೇನೆ, ಈಗ ಶಸ್ತ್ರಚಿಕಿತ್ಸೆ ಬೇಡ. ಯುವೈಟಿಸ್, ಅಂದರೆ ನಿನಗಿರುವಂಥ ಕಣ್ಣೊಳಗಿನ ಉರಿಯೂತ, ಇರುವ ಕಣ್ಣಿನಲ್ಲಿ ಪೊರೆ ತೆಗೆದ ಬಳಿಕ ಎಷ್ಟು ದೃಷ್ಟಿ ಮರಳುತ್ತದೆ, ಮರಳಿದ್ದು ಎಷ್ಟು ಕಾಲ ಉಳಿಯುತ್ತದೆ ಎಂಬುದು ಆಪರೇಷನ್ ಟೇಬಲ್ಲಿನ ಮೇಲೆ ಕಳೆಯುವ ಅಲ್ಪ ಸಮಯಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಮತ್ತು ಮುಂದಿನ ತಿಂಗಳುಗಳ ಮೇಲೆ ನಿಂತಿದೆ.

ನಿನ್ನ ಆತುರ ನನಗೆ ಅರ್ಥವಾಗುತ್ತದೆ. ಅಕ್ಕ ತನ್ನ ಪೊರೆ ತೆಗೆಸಿಕೊಂಡ ಮರುದಿನವೇ ಪತ್ರಿಕೆ ಓದಿದ್ದನ್ನು ನೀನು ನೋಡಿದ್ದೀಯೆ. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳಲ್ಲಿ ಒಂದೇ ದಿನ ನೂರಾರು ಜನರ ಪೊರೆ ತೆಗೆದ ಕಥೆಗಳನ್ನು ಕೇಳಿ ಬೆಳೆದ ಈ ಸೀಮೆಯಲ್ಲಿ, ಪೊರೆಯ ಆಪರೇಷನ್ ಎಂದರೆ ಹೋಗಿ ಬಂದು ಮಾಡಿಸುವ ಕೆಲಸವೆಂಬ ನಂಬಿಕೆ ಬೇರೂರಿದೆ. ವಯಸ್ಸಾದಂತೆ ಬರುವ ಪೊರೆಯ ಮಟ್ಟಿಗೆ ಆ ನಂಬಿಕೆ ಬಹುಪಾಲು ನಿಜವೂ ಹೌದು. ಅಕ್ಕನ ಪೊರೆ ಅಂಥದ್ದು, ನಿನ್ನದು ಹಾಗಲ್ಲ.

ನಿನ್ನ ರಕ್ತದಲ್ಲಿ, ಹುಟ್ಟಿನಿಂದಲೇ ಬರುವ ಒಂದು ಆನುವಂಶಿಕ ಗುರುತಾದ ಎಚ್‌ಎಲ್‌ಎ-ಬಿ27 ಇದೆ. ಬೆನ್ನನ್ನು ಬೆಳಗಿನ ಹೊತ್ತು ಮರಗಟ್ಟಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆಯೂ, ಕಣ್ಣಿನ ಮುಂಭಾಗದಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆ ಆಗಾಗ ಕೆರಳುವುದೂ ಒಂದೇ ಪ್ರವೃತ್ತಿಯ ಎರಡು ಮುಖಗಳು. ಹೀಗೆ ಪದೇ ಪದೇ ಬಂದ ಉರಿಯೂತ ಮಸೂರವನ್ನು ಕೆಡಿಸಿತು. ಆ ಉರಿಯೂತವನ್ನು ತಗ್ಗಿಸಲು ಹಾಕಿದ ಸ್ಟೀರಾಯ್ಡ್ ಹನಿಗಳೂ ಅದಕ್ಕೆ ಕೈಜೋಡಿಸಿದವು. ಇಂಥ ಪೊರೆ ಹೆಚ್ಚಾಗಿ ಮಸೂರದ ಹಿಂಬದಿಯಲ್ಲಿ, ನಟ್ಟನಡುವೆ ಕಟ್ಟಿಕೊಳ್ಳುತ್ತದೆ. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ನಿನಗೆ ಮಂಜು ಹೆಚ್ಚುವುದು, ಓದುವುದು ಕಷ್ಟವಾಗುವುದು, ಎದುರಿನ ವಾಹನಗಳ ಹೆಡ್‌ಲೈಟು ಕಣ್ಣು ಕುಕ್ಕುವುದು ಎಲ್ಲವೂ ಅದರಿಂದಲೇ. ಆದರೆ ಸ್ಟೀರಾಯ್ಡ್ ಕೊಟ್ಟ ವೈದ್ಯರನ್ನು ದೂರಬೇಡ. ಅದನ್ನು ಕೊಡದೆ ಉರಿಯೂತವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಕಣ್ಣಿನ ಒತ್ತಡದಿಂದ ನರವೋ, ಬಾವಿನಿಂದ ಅಕ್ಷಿಪಟಲವೋ ಹಾಳಾಗಬಹುದಿತ್ತು. ಪೊರೆಯನ್ನು ತೆಗೆದು ಬೇರೆ ಮಸೂರ ಕೂರಿಸಬಹುದು, ಸತ್ತ ನರವನ್ನು ಬದಲಿಸುವ ದಾರಿ ಇಂದಿಗೂ ಇಲ್ಲ.

ಎಷ್ಟೇ ನುರಿತ ಕೈಯಾದರೂ ಶಸ್ತ್ರಚಿಕಿತ್ಸೆ ಕಣ್ಣಿಗೆ ಒಂದು ಗಾಯವೇ. ಆರೋಗ್ಯವಂತ ಕಣ್ಣು ಅದನ್ನು ಕೆಲವೇ ವಾರಗಳಲ್ಲಿ ಮಾಯಿಸಿಕೊಳ್ಳುತ್ತದೆ. ಯುವೈಟಿಸ್ ಕಂಡ ಕಣ್ಣಿನಲ್ಲಾದರೋ ರಕ್ತನಾಳಗಳಿಗೂ ಕಣ್ಣೊಳಗಿನ ನೀರಿಗೂ ನಡುವಿನ ತಡೆ ಮೊದಲೇ ಸಡಿಲಾಗಿರುತ್ತದೆ. ಚಿಕ್ಕ ಗಾಯಕ್ಕೂ ಅದು ಅತಿಯಾಗಿ ಕೆರಳಿ, ಪಾಪೆಯ ಅಂಚು ಹೊಸ ಮಸೂರಕ್ಕೆ ಅಂಟಿಕೊಳ್ಳಬಹುದು, ಒತ್ತಡ ಏರಬಹುದು, ಕೆಲವರಲ್ಲಿ ತೀರ ಇಳಿಯಲೂಬಹುದು. ಅದಕ್ಕಾಗಿಯೇ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕಣಗಳು ಇಲ್ಲದ ಸ್ಥಿತಿ ಕನಿಷ್ಠ 3 ತಿಂಗಳು ಸತತವಾಗಿ ಇರಬೇಕೆಂದು ನೇತ್ರತಜ್ಞರು ಸಾಮಾನ್ಯವಾಗಿ ಕಾಯುತ್ತಾರೆ. ಕಣ್ಣು ಕೆಂಪಿಲ್ಲ, ನೋವಿಲ್ಲ ಎಂದು ನೀನಾಗಿಯೇ ಆ ಲೆಕ್ಕ ಹಿಡಿಯಬೇಡ. ಹೊರಗೆ ಬಿಳಿಯಾಗಿ ಕಾಣುವ ಕಣ್ಣಿನೊಳಗೂ ಕಣಗಳು ಇರಬಹುದು. ಕಾಯಲಾಗದ ಸಂದರ್ಭಗಳೂ ಉಂಟು. ಒಡೆದ ಮಸೂರದ ಅಂಶವೇ ಸೋರಿ ಕಣ್ಣನ್ನು ಕೆರಳಿಸುತ್ತಿದ್ದರೆ ಅದನ್ನು ತೆಗೆಯಲೇಬೇಕಾಗುತ್ತದೆ. ನಿನ್ನ ಕಾಗದಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಎಡಗಣ್ಣಿನ ದೃಷ್ಟಿ 6/18 (ಸಾಮಾನ್ಯ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು), ಬಲಗಣ್ಣಿನದು 6/6, ಅಂದರೆ ಸಾಮಾನ್ಯವಾಗಿ ಇರುವಾಗ ಕಾಯುವುದರಿಂದ ನಿನಗೆ ಅನಾನುಕೂಲವಾದೀತೇ ಹೊರತು ನಷ್ಟವಾಗುವುದಿಲ್ಲ.

ನಿನ್ನ ಸಹೋದ್ಯೋಗಿಯೊಬ್ಬರಿಗೂ ಯುವೈಟಿಸ್ ಇದ್ದು, ಅವರು ಇಷ್ಟೆಲ್ಲ ಕಾಯದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚೆನ್ನಾಗಿದ್ದಾರೆಂದು ಬರೆದಿದ್ದೀಯೆ. ಯುವೈಟಿಸ್ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಫುಕ್ಸ್ ಯುವೈಟಿಸ್ ಎಂಬ ಬಗೆಯಲ್ಲಿ ಅಲ್ಪಸ್ವಲ್ಪ ಕಣಗಳು ಸದಾ ಇದ್ದರೂ ಪೊರೆ ತೆಗೆದ ಮೇಲೆ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಬೆಹ್ಚೆಟ್ ಕಾಯಿಲೆಯಲ್ಲಿ ಅಕ್ಷಿಪಟಲದ ರಕ್ತನಾಳಗಳೇ ಕೆಟ್ಟಿರುವುದುಂಟು. ಅಂಥವರಲ್ಲಿ ಪೊರೆ ಎಷ್ಟೇ ಅಚ್ಚುಕಟ್ಟಾಗಿ ಹೋದರೂ ಅದರ ಹಿಂದೆ ನೋಡುವ ಶಕ್ತಿಯೇ ಕುಂದಿರುತ್ತದೆ. ನಿನ್ನಂಥವರ ಉರಿಯೂತ ಹೆಚ್ಚಾಗಿ ಮುಂಭಾಗದಲ್ಲಿಯೇ ಉಳಿಯುವುದರಿಂದ, ಕಣ್ಣನ್ನು ಶಾಂತವಾಗಿ ಇಟ್ಟುಕೊಂಡರೆ ಒಳ್ಳೆಯ ಫಲವನ್ನೇ ನಿರೀಕ್ಷಿಸಬಹುದು. ಆದರೂ ಶಸ್ತ್ರಚಿಕಿತ್ಸೆಗೆ ಮುನ್ನ ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿ, ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಮತ್ತು ಕಣ್ಣಿನ ನರ ಹೇಗಿವೆಯೆಂದು ವೈದ್ಯರಿಂದ ಬಾಯಿಬಿಟ್ಟು ಕೇಳಿ ತಿಳಿದುಕೊ. ಪೊರೆಯಿಂದ ಎಷ್ಟು ದೃಷ್ಟಿ ಹೋಗಿದೆ, ಬೇರೆ ಕಾರಣದಿಂದ ಏನಾದರೂ ಹೋಗಿದೆಯೇ ಎಂಬುದು ಮೊದಲೇ ಗೊತ್ತಾದರೆ ಆಮೇಲೆ ಎದೆ ಒಡೆದುಕೊಳ್ಳುವ ಪ್ರಸಂಗ ಬರುವುದಿಲ್ಲ.

ಔಷಧಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೀಲುಗಳಿಗೆಂದು ನಿನಗೆ ಕೊಡುತ್ತಿರುವ ಅಡಾಲಿಮುಮಾಬ್ ಚುಚ್ಚುಮದ್ದು ಕಣ್ಣನ್ನೂ ಕಾಯುತ್ತಿದೆ. ಗಾಯ ಮಾಯುವುದಿಲ್ಲವೆಂದು ಯಾರೋ ಹೆದರಿಸಿದರೆಂದು ಅದನ್ನು ನೀನಾಗಿಯೇ ನಿಲ್ಲಿಸಬೇಡ. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಕೀಲು ವೈದ್ಯರೂ ಕಣ್ಣಿನ ವೈದ್ಯರೂ ಮಾತಾಡಿಕೊಂಡು ತೀರ್ಮಾನಿಸಲಿ. ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮುಂಚಿನಿಂದ ಸ್ಟೀರಾಯ್ಡ್ ಹನಿ, ಅಗತ್ಯವಿದ್ದರೆ ಪ್ರೆಡ್ನಿಸೊಲೋನ್ ಮಾತ್ರೆ ಆರಂಭಿಸಿ ಆಮೇಲೆ ಮೆಲ್ಲನೆ ಇಳಿಸುತ್ತಾರೆ. ಮಾತ್ರೆ ಕೊಟ್ಟರೆ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ನೋಡಿಸಿಕೊ. ಪ್ರೆಡ್ನಿಸೊಲೋನ್ ಅಸಿಟೇಟ್ ಹನಿಯ ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಬೇಕು, ಇಲ್ಲವಾದರೆ ಔಷಧಿ ತಳದಲ್ಲೇ ಉಳಿದು ಬರಿ ನೀರು ಕಣ್ಣಿಗೆ ಬೀಳುತ್ತದೆ. ಎರಡು ಬಗೆಯ ಹನಿಗಳ ನಡುವೆ 5 ನಿಮಿಷವಾದರೂ ಬಿಡು.

ಕೂರಿಸುವ ಮಸೂರದ ಬಗ್ಗೆ ಆಸ್ಪತ್ರೆಯಲ್ಲಿ ನಿನಗೆ ದುಬಾರಿ ಬೆಲೆಯ ಮಲ್ಟಿಫೋಕಲ್ ತೋರಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ನಿನ್ನ ಕಣ್ಣಿಗೆ ಹೇಳಿದ್ದಲ್ಲ. ಬೆಳಕನ್ನು ಹತ್ತಿರಕ್ಕೂ ದೂರಕ್ಕೂ ಹಂಚುವ ಮಸೂರ ದೃಷ್ಟಿಯ ಚುರುಕುತನವನ್ನು ಒಂದಿಷ್ಟು ತಿನ್ನುತ್ತದೆ. ಮುಂದೆಂದಾದರೂ ಮ್ಯಾಕ್ಯುಲಾ ಬಾತುಕೊಂಡರೆ ಆ ನಷ್ಟ ಎದ್ದು ಕಾಣುತ್ತದೆ. ಅಕ್ರಿಲಿಕ್‌ನ ಒಂದೇ ದೂರಕ್ಕೆ ಹೊಂದಿಸಿದ ಸಾಧಾರಣ ಮಾನೋಫೋಕಲ್ ಮಸೂರವನ್ನು ಕಣ್ಣಿನ ಸ್ವಂತ ಮಸೂರದ ಚೀಲದೊಳಗೇ ಕೂರಿಸಿದರೆ ಸಾಕು. ಆದರೆ ನಿನ್ನ ವಯಸ್ಸಿಗೆ ಒಂದು ಮಾತು ಹೇಳಲೇಬೇಕು: ಸ್ವಂತ ಮಸೂರ ಹೋದ ಮೇಲೆ ಹತ್ತಿರಕ್ಕೂ ದೂರಕ್ಕೂ ತಾನಾಗಿ ಹೊಂದಿಕೊಳ್ಳುವ ಶಕ್ತಿ ಆ ಕಣ್ಣಿಗೆ ಇರುವುದಿಲ್ಲ, ಓದಲು ಕನ್ನಡಕ ಬೇಕಾಗುತ್ತದೆ. ಹೆರಾಲ್ಡ್ ರಿಡ್ಲೆ ಲಂಡನ್ನಿನಲ್ಲಿ 1949ರಲ್ಲಿ ಮೊದಲ ಕೃತಕ ಮಸೂರ ಕೂರಿಸಿದ್ದು, ಯುದ್ಧವಿಮಾನ ಚಾಲಕರ ಕಣ್ಣಿಗೆ ಹೊಕ್ಕ, ಗಾಜಿನಂಥ ಪ್ಲಾಸ್ಟಿಕ್ಕಾದ ಪರ್ಸ್‌ಪೆಕ್ಸ್ ಚೂರುಗಳು ಕಣ್ಣನ್ನು ಅಷ್ಟಾಗಿ ಕೆರಳಿಸುವುದಿಲ್ಲವೆಂದು ಕಂಡುಕೊಂಡದ್ದರಿಂದ. ಹಾಗಿದ್ದರೂ ಯುವೈಟಿಸ್ ಇದ್ದವರಿಗೆ ಮಸೂರ ಕೂರಿಸಲು ವೈದ್ಯರು ಬಹುಕಾಲ ಹಿಂಜರಿದರು. ಇಂದು ನಿನಗೆ ಆ ಅವಕಾಶ ಧೈರ್ಯವಾಗಿ ಸಿಗುತ್ತಿರುವುದು ಮಸೂರಗಳೂ ಉರಿಯೂತದ ಔಷಧಿಗಳೂ ಸುಧಾರಿಸಿದ್ದರಿಂದ.

ಶಸ್ತ್ರಚಿಕಿತ್ಸೆಯ ನಂತರ ನಾನು ಹೆಚ್ಚು ಹೆದರುವುದು ಮ್ಯಾಕ್ಯುಲಾದ ಬಾವಿಗೆ. ಮೊದಲ ವಾರ ಎಲ್ಲವೂ ನಿಚ್ಚಳವಾಗಿ ಕಂಡು, ಮನೆಮಂದಿಯೆಲ್ಲ ಸಂತೋಷಪಟ್ಟು, ಸುಮಾರು 4ರಿಂದ 6 ವಾರದ ಹೊತ್ತಿಗೆ ಅಕ್ಷರಗಳು ಮಸುಕಾಗಿ, ನೇರ ಗೆರೆ ಡೊಂಕಾಗಿ ಕಾಣತೊಡಗಬಹುದು. ತೇವ ಹೀರಿದ ಗೋಡೆಯ ಗಿಲಾವು ಉಬ್ಬುವ ಹಾಗೆ ಮ್ಯಾಕ್ಯುಲಾದ ಪದರಗಳಲ್ಲಿ ನೀರು ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ನೋವಿರುವುದಿಲ್ಲವಾದ್ದರಿಂದ ಜನ ಕನ್ನಡಕದ ನಂಬರು ಬದಲಾಯಿತೆಂದುಕೊಂಡು ಸುಮ್ಮನಿರುತ್ತಾರೆ. ಬೇಗ ಗುರುತಿಸಿದರೆ ಹನಿಗಳಿಂದ, ಸಾಲದಿದ್ದರೆ ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಇಳಿಸಬಹುದು. ತಿಂಗಳುಗಟ್ಟಲೆ ಬಿಟ್ಟರೆ ಶಾಶ್ವತ ಹಾನಿಯಾದೀತು. ದಿನಕ್ಕೊಮ್ಮೆ ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ಬಾಗಿಲ ಚೌಕಟ್ಟಿನ ಗೆರೆಯನ್ನು ನೋಡುವ ಅಭ್ಯಾಸ ಇಟ್ಟುಕೊ. ತಿಂಗಳುಗಳ ಮೇಲೆ ಮಸೂರದ ಹಿಂದಿನ ಚೀಲ ಮಬ್ಬಾಗುವುದೂ ಉಂಟು, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ. ಅದು ಪೊರೆ ಮರಳಿ ಬಂದದ್ದಲ್ಲ, ಕಣ್ಣು ಶಾಂತವಾಗಿರುವಾಗ ಯಾಗ್ ಲೇಸರ್‌ನಿಂದ ಸರಿಪಡಿಸುತ್ತಾರೆ. ಆದರೆ ನೋವು, ಕೆಂಪು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗು. ಅದು ಹಳೆಯ ಉರಿಯೂತವೋ ಒಳಗೆ ಹೊಕ್ಕ ಸೋಂಕೋ ಎಂಬುದನ್ನು ನೀನು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು.

ಇಷ್ಟೆಲ್ಲ ನೋಡಿಕೊಳ್ಳಬೇಕಾದ ವಾರಗಳನ್ನು ಹೊಸ ದೇಶದಲ್ಲಿ, ಹೊಸ ಕೆಲಸದ ಒತ್ತಡದಲ್ಲಿ ಕಳೆಯುವುದು ನನಗೆ ಒಪ್ಪಿಗೆಯಿಲ್ಲ. ಜರ್ಮನಿಗೆ ಹೋಗಿ ಬಾ, ಪೊರೆ ನಿನ್ನೊಂದಿಗೇ ಬರಲಿ. ರಾತ್ರಿ ಕಾರು ಓಡಿಸಬೇಡ. ಅಲ್ಲಿಯ ನೇತ್ರ ವೈದ್ಯರೊಬ್ಬರಲ್ಲಿ ಹೋದ ಕೂಡಲೇ ಹೆಸರು ಬರೆಸಿ ಕಣಗಳನ್ನೂ ಒತ್ತಡವನ್ನೂ ನೋಡಿಸುತ್ತಿರು. ಆ ಆರು ತಿಂಗಳಲ್ಲಿ ಕೊನೆಯ ಮೂರು ತಿಂಗಳಾದರೂ ಕಣ್ಣು ಶಾಂತವಾಗಿದ್ದರೆ, ಮರಳಿದ ಮೇಲೆ ಬೆಂಗಳೂರಿನಲ್ಲಿ ಯುವೈಟಿಸ್ ವಿಭಾಗವಿರುವ ಆಸ್ಪತ್ರೆಯಲ್ಲಿಯೇ ಮಾಡಿಸೋಣ. ನಾನೂ ಬಂದು ಜೊತೆಗಿರುತ್ತೇನೆ. ಕುತ್ತಿಗೆ ಬಿಗಿಯಾಗಿ ಅಂಗಾತ ಮಲಗಲು ಕಷ್ಟವಾಗುವುದನ್ನು ಆಗ ಶಸ್ತ್ರವೈದ್ಯರಿಗೆ ಮುಂಚೆಯೇ ಹೇಳಬೇಕು, ದಿಂಬಿನ ವ್ಯವಸ್ಥೆ ಮಾಡಿಕೊಳ್ಳುತ್ತಾರೆ.

ಹೊರಡುವ ಮುನ್ನ ಪ್ರತಿ ಬಾರಿಯ ಉರಿಯೂತದ ತಾರೀಖು, ಕೊಟ್ಟ ಔಷಧಿ, ಆಗಿನ ಕಣ್ಣಿನ ಒತ್ತಡ ಇವನ್ನೆಲ್ಲ ಒಂದು ಹಾಳೆಯಲ್ಲಿ ವೈದ್ಯರಿಂದ ಬರೆಸಿಕೊ. ಅಡಾಲಿಮುಮಾಬ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಆದ್ದರಿಂದ ವಿಮಾನದ ಸಾಮಾನು ವಿಭಾಗಕ್ಕೆ ಹಾಕದೆ, ವೈದ್ಯರ ಪತ್ರದೊಂದಿಗೆ ಕೈಚೀಲದಲ್ಲಿಯೇ ಒಯ್ಯಿ. ಅಕ್ಕನಿಗೆ ನಾನೇ ಫೋನ್ ಮಾಡಿ ಎಲ್ಲವನ್ನೂ ತಿಳಿಸುತ್ತೇನೆ. ಆಸ್ಪತ್ರೆಯ ತಾರೀಖನ್ನು ನೀನು ನಾಳೆಯೇ ರದ್ದು ಮಾಡಿಸು.

ಇಂತಿ ನಿನ್ನ ಹಿತಚಿಂತಕ,
ಸೋದರಮಾವ