ಕರ್ಕ್ಯುಮಿನ್ ಕ್ಯಾಪ್ಸೂಲ್: ಗಿಡದ್ದು ಅಂತ ಸುಮ್ನೆ ನುಂಗಬೇಡಿ

ಮಾನ್ಯ ಸಂಪಾದಕರೇ,

ಮಂಡಿ ನೋವಿಗೆ ಅಂತ ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗುವವರು ಈಗ ಜಾಸ್ತಿಯಾಗಿದ್ದಾರೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶ ಇದೇ. ಮಂಡಿ ಸವೆತದ ನೋವು ಸ್ವಲ್ಪ ತಗ್ಗುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ, ನಿಜ. ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವ ಮಾತಿಗೆ ಮಾತ್ರ ಆಧಾರವಿಲ್ಲ.

ಅರಿಶಿನ ತಿಂದರೆ ಏನೂ ಆಗಲ್ಲ, ಇದರಿಂದ ಏನಾಗುತ್ತೆ ಎಂದು ಕೇಳುತ್ತಾರೆ. ಎರಡೂ ಒಂದೇ ಅಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಅದರಲ್ಲೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕ್ಯಾಪ್ಸೂಲಿನಲ್ಲಿ ಅದನ್ನೇ ಗಟ್ಟಿಯಾಗಿ ತುಂಬುತ್ತಾರೆ. ಎಷ್ಟೋ ಕಡೆ ಕಾಳುಮೆಣಸಿನ ಪೈಪರಿನ್ ಕೂಡ ಸೇರಿಸುತ್ತಾರೆ. ಆಗ ಕರ್ಕ್ಯುಮಿನ್ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಹೋಗುತ್ತದೆ. ಇದನ್ನೇ ದೊಡ್ಡ ಗುಣ ಎಂದು ಮಾರುತ್ತಾರೆ. ಅಪಾಯ ಇರುವುದೂ ಇಲ್ಲೇ ಅಲ್ವಾ?

ಕರ್ಕ್ಯುಮಿನ್‌ಗೆ ಆಹಾರ ತಜ್ಞರು ಹಾಕಿದ ದಿನದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಅದು 180 ಮಿಲಿಗ್ರಾಂ. ಮಾರಾಟದಲ್ಲಿ 500 ಮಿಲಿಗ್ರಾಂ ಕ್ಯಾಪ್ಸೂಲ್ ಮಾಮೂಲಿ! ಇಂಥವನ್ನು ತೆಗೆದುಕೊಂಡ ಕೆಲವರಿಗೆ ಲಿವರ್ ಊದಿಕೊಂಡಿದ್ದರಿಂದ ಫ್ರಾನ್ಸ್ 2022ರಲ್ಲಿ, ಆಸ್ಟ್ರೇಲಿಯಾ 2023ರಲ್ಲಿ ಎಚ್ಚರಿಕೆ ಕೊಟ್ಟವು. ಇದು ಅಪರೂಪ. ಆದರೆ ಬಂದರೆ ಸಣ್ಣ ತೊಂದರೆಯಲ್ಲ.

ಪಿತ್ತಕೋಶದಲ್ಲಿ ಕಲ್ಲು ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ತಕ್ಷಣ ನಿಲ್ಲಿಸಿ, ವೈದ್ಯರ ಬಳಿ ಹೋಗಬೇಕು. ಈ ಎಚ್ಚರಿಕೆಯನ್ನು ತಯಾರಕರು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲಿ.

– ಓದುಗ