ಕೂಸಿಗೊಂದು ಸೀಟು, ಅಜ್ಜಿಗೊಂದು ಮಣೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆ ಮನೆಮನೆಗೂ ಗಾಡಿ ಗೊತ್ತುಮಾಡುವ ಗಡಿಬಿಡಿ. ಕೂಸಿನ ಜವಳಕ್ಕೆ ಮನೆದೇವರು, ಇಲ್ಲವೇ ಧರ್ಮಸ್ಥಳ, ಉಕ್ಕಡಗಾತ್ರಿ, ಮೈಲಾರ. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಗು ಎಲ್ಲರೂ ಒಂದೇ ಗಾಡಿಯಲ್ಲಿ. ಎಲ್ಲಿಗೆ ಹೋಗಬಹುದು ಎಂಬುದನ್ನು ಪತ್ರಿಕೆಗಳ ಪ್ರವಾಸದ ಪುಟಗಳು ಚೆನ್ನಾಗಿಯೇ ತಿಳಿಸುತ್ತವೆ. ಆ ಗಾಡಿಯೊಳಗೆ ಯಾರು ಎಲ್ಲಿ ಕೂರಬೇಕು ಎಂಬುದನ್ನು ಬರೆದದ್ದು ಕಡಿಮೆ. ಅದಕ್ಕೇ ಈ ಪತ್ರ.

ಕೂಸಿನ ಜಾಗ ಅಜ್ಜಿಯ ತೊಡೆ ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. 8 ಕೆ.ಜಿ. ತೂಕದ ಕೂಸನ್ನು ಆಗ ಹಿಡಿದಿಡಲು ಸುಮಾರು 180 ಕೆ.ಜಿ. ಎತ್ತುವಷ್ಟು ಬಲ ಬೇಕು. ಗರಡಿಮನೆಯ ಪೈಲ್ವಾನರಿಗೂ ಆಗದ ಕೆಲಸ. ತಾಯಿ ಹಾಕಿಕೊಂಡ ಬೆಲ್ಟಿನೊಳಗೇ ಕೂಸನ್ನೂ ಸೇರಿಸಿಕೊಳ್ಳುವುದು ಇನ್ನೂ ಅಪಾಯ. ತಾಯಿಯ ಮೈಭಾರವೆಲ್ಲ ಕೂಸನ್ನು ಬೆಲ್ಟಿಗೆ ಒತ್ತುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಯ 194ಬಿ ಕಲಂನಲ್ಲಿದೆ. ಅದನ್ನು ಕೇಳುವವರಿಲ್ಲ ಎಂಬುದು ಬೇರೆ ಮಾತು.

13 ಕೆ.ಜಿ.ವರೆಗಿನ ಕೂಸುಗಳಿಗೆಂದು ಮಾಡಿದ ಸೀಟನ್ನು ಗಾಡಿಯ ಹಿಂಬದಿಗೆ ಮುಖ ಮಾಡಿ ಕಟ್ಟಬೇಕು. ಡಿಕ್ಕಿಯಾದಾಗ ಪೆಟ್ಟು ಕೂಸಿನ ಇಡೀ ಬೆನ್ನಿಗೆ ಹಂಚಿಹೋಗುತ್ತದೆ, ಎಳೆ ಕತ್ತು ಉಳಿಯುತ್ತದೆ. ಅದನ್ನು ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಎದುರು ಎಂದೂ ಇಡಬಾರದು. ಏರ್‌ಬ್ಯಾಗ್ ಉಬ್ಬಿ ಹೊಡೆಯುವುದು ನೇರವಾಗಿ ಕೂಸಿನ ತಲೆಯ ಹಿಂದಿನ ಹಲಗೆಗೆ. ಕೊಳ್ಳುವ ಮೊದಲು ಸೀಟನ್ನು ನಿಮ್ಮ ಗಾಡಿಯಲ್ಲೇ ಇಟ್ಟು ನೋಡಿ. ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ಗಾಡಿಗೇ ಸಿಕ್ಕಿಸುವ ಐಸೋಫಿಕ್ಸ್ ವ್ಯವಸ್ಥೆ ಇದ್ದರೆ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ಸಂದಿಯಲ್ಲಿ ಎರಡು ಕಬ್ಬಿಣದ ಬಳೆಗಳು ಕೈಗೆ ಸಿಗುತ್ತವೆ. ಇಲ್ಲದಿದ್ದರೆ ಹೆಗಲು, ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್ ಬೇಕು. ನಡುವಿನ ಜಾಗಕ್ಕೆ ಸೊಂಟದ ಬೆಲ್ಟ್ ಮಾತ್ರ ಇರುವ ಗಾಡಿಗಳು ಇನ್ನೂ ಓಡಾಡುತ್ತಿವೆ. ಹೆಚ್ಚಿನ ಸೀಟುಗಳಿಗೆ ಅದು ಸಾಲದು. ಕೆಲವು ಗಾಡಿಗಳ ಬೆಲ್ಟ್ ಎಷ್ಟು ಗಿಡ್ಡವೆಂದರೆ ಕೂಸಿನ ಸೀಟನ್ನು ಸುತ್ತಿ ಬಕಲ್‌ವರೆಗೆ ಬರುವುದೇ ಇಲ್ಲ.

ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಕದಲಬಾರದು. ಕೂಸಿನ ಹೆಗಲ ಪಟ್ಟಿ ಹೆಗಲ ಮಟ್ಟದಿಂದ, ಇಲ್ಲವೇ ತುಸು ಕೆಳಗಿನ ತೂತಿನಿಂದ ಬರಬೇಕು. ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಇಲ್ಲಿ ತಪ್ಪುವುದು ಬಹಳ ಮಾಡಿ ಬಟ್ಟೆಯಿಂದ. ಗಾಳಿ ತಾಗೀತೆಂದು ಸ್ವೆಟರು, ದಪ್ಪ ಟವೆಲು ಸುತ್ತಿ ಮೇಲೆ ಪಟ್ಟಿ ಬಿಗಿದರೆ, ಡಿಕ್ಕಿ ಹೊಡೆದಾಗ ಬಟ್ಟೆ ಅಮುಕಿಕೊಂಡು ಕೂಸು ಜಾರುತ್ತದೆ. ತೆಳು ಅಂಗಿಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಹೊದಿಕೆ. ಸೀಟು ಸುಮಾರು 45 ಡಿಗ್ರಿ ಒರಗಿರಲಿ. ನೆಟ್ಟಗಾದರೆ ನಿದ್ದೆಯಲ್ಲಿ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿ ಉಸಿರು ಕಟ್ಟಬಹುದು. ಆದ್ದರಿಂದಲೇ ಹಿಂದೆ ಒಬ್ಬರು ಕೂಸಿನ ಮುಖ ಕಾಣುವಂತೆ ಕೂರಬೇಕು, ಎರಡು ಗಂಟೆಗೊಮ್ಮೆ ಕೂಸನ್ನು ಹೊರಗೆ ತೆಗೆದು ಮಲಗಿಸಬೇಕು. ಹಸುಗೂಸಾದರೆ ಇನ್ನೂ ಬೇಗ.

ಕ್ರೂಸರ್ ಜೀಪಿನ ಹಿಂದಿನ ಎದುರುಬದುರು ಬೆಂಚುಗಳ ಮೇಲೆ ಯಾವ ಮಕ್ಕಳ ಸೀಟನ್ನೂ ಕಟ್ಟಲಾಗದು. ಟಿ.ಟಿ.ಯಲ್ಲಿ (ಟೆಂಪೊ ಟ್ರಾವೆಲರ್) ಸೀರೆಯ ಜೋಲಿ ಕಟ್ಟಿ ಕೂಸನ್ನು ತೂಗುವವರೂ ಇದ್ದಾರೆ; ಜೋರಾಗಿ ಬ್ರೇಕ್ ಹಿಡಿದರೆ ಆ ಜೋಲಿ ಕವಣೆಯೇ ಸರಿ.

ಇನ್ನು ಏಳು ಜನರ ಗಾಡಿಯಲ್ಲಿ ಕೂರುವ ಕ್ರಮ. ಕೂಸಿನ ಸೀಟು ನಡುವಿನ ಸಾಲಿನ ಎಡಗಡೆ ಇರಲಿ, ಇಳಿಸುವಾಗ ರಸ್ತೆಯ ಅಂಚು ಸಿಗುತ್ತದೆ. ಆದರೆ ಹಿಮ್ಮುಖದ ಸೀಟು ಜಾಗ ತಿನ್ನುತ್ತದೆ. ಅದರ ಮುಂದಿನ ಸೀಟನ್ನು ಮುಂದಕ್ಕೆ ಎಳೆಯಲೇಬೇಕು. ಮಂಡಿ ನೋವಿನ ಎತ್ತರದ ಅಜ್ಜನನ್ನು ಗೌರವಕ್ಕೆಂದು ಅಲ್ಲಿ ಕೂರಿಸಿದರೆ ಹಿರಿಯೂರು ಬರುವಷ್ಟರಲ್ಲಿ ಕಾಲು ಮರಗಟ್ಟಿರುತ್ತದೆ. ಅಲ್ಲಿಗೆ ಗಿಡ್ಡ ಆಳು ಸರಿ. ಅಜ್ಜ ಚಾಲಕನ ಹಿಂದೆ, ತಾಯಿ ಕೂಸಿನ ಪಕ್ಕ. ಮೂರನೇ ಸಾಲು ಹಿರಿಯರಿಗೆ ಬೇಡವೇ ಬೇಡ. ಅಲ್ಲಿ ಮಂಡಿ ಎದೆಮಟ್ಟಕ್ಕೆ ಬರುತ್ತದೆ, ಹಿಂದಿನ ಗಾಲಿಯ ಕುಲುಕಾಟ ನೇರ ಬೆನ್ನಿಗೆ. ಇನ್ನೊಂದು ತೊಡಕು: ಮೂರನೇ ಸಾಲಿಗೆ ಹೋಗಲು ಮಡಚುವ ಸೀಟಿನ ಮೇಲೆಯೇ ಕೂಸಿನ ಸೀಟು ಕಟ್ಟಿದರೆ ಹಿಂದಿನವರ ದಾರಿ ಮುಚ್ಚಿತು. ಯಾವ ಪಕ್ಕ ಮಡಚುತ್ತದೆಂದು ಹಿಂದಿನ ದಿನವೇ ನೋಡಿಕೊಳ್ಳಿ. ಎತ್ತರದ ಗಾಡಿ ಹತ್ತಲು ಅಜ್ಜಿಗೆ ಆರೇಳು ಇಂಚಿನ ಗಟ್ಟಿ ಮಣೆಯೊಂದು ಹಿಂದಿನ ಸಾಮಾನಿನ ಡಿಕ್ಕಿಯಲ್ಲಿರಲಿ.

ಆ ಡಿಕ್ಕಿಯದೂ ಒಂದು ಕಥೆ. ಹರಕೆಯ ತೆಂಗಿನಕಾಯಿ ಚೀಲ, ಸ್ಟೀಲ್ ಡಬ್ಬಿ, ನೀರಿನ ಕ್ಯಾನುಗಳನ್ನು ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸಿದರೆ ಕೂಸಿಗೆ ಹೇಳಿದ ಬಲದ ಲೆಕ್ಕ ಅವಕ್ಕೂ ಅನ್ವಯ. ಭಾರದ್ದು ಕೆಳಗೆ, ಸೀಟಿಗೆ ಒತ್ತಿ, ಹಗುರದ್ದು ಮೇಲೆ. ಗಾಡಿ ತುಂಬಿದಾಗ ಟೈರಿಗೆ ಎಷ್ಟು ಗಾಳಿ ಎಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬೇರೆಯಾಗಿಯೇ ಇರುತ್ತದೆ.

ಹಾಲು ಕುಡಿಸಲು ಗಾಡಿ ನಿಲ್ಲಬೇಕು. ಓಡುವ ಗಾಡಿಯಲ್ಲಿ ಕೂಸನ್ನು ಸೀಟಿನಿಂದ ಬಿಚ್ಚಿದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ. ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಿದ್ದರೂ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಿ. ಹಿಂಡಿಟ್ಟ ಹಾಲು 25 ಡಿಗ್ರಿಯಲ್ಲಿ 4 ಗಂಟೆ, ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ 24 ಗಂಟೆ ತಡೆಯುತ್ತದೆ. ನಮ್ಮ ಏಪ್ರಿಲ್‌ನಲ್ಲಿ 25 ಡಿಗ್ರಿ ಎಲ್ಲಿದೆ? ಡಬ್ಬಿಯನ್ನೇ ನಂಬಿ. ಪುಡಿ ಹಾಲಾದರೆ ಕುದಿಸಿದ ನೀರು ಫ್ಲಾಸ್ಕಿನಲ್ಲಿ, ಅಳೆದ ಪುಡಿ ಬೇರೆ. ಕುಡಿಸುವಾಗಲೇ ಕಲಸಿ, ಆರಿಸಿ ಕೊಡಿ. ಕೂಸು ಬಾಯಿಟ್ಟ ಒಂದು ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಆರೇಳು ಗಂಟೆ ಉಚ್ಚೆ ಹೋಗದಿದ್ದರೆ, ನೆತ್ತಿ ಕುಳಿಬಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ ಪ್ರವಾಸ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ.

ದಾರಿಯಲ್ಲಿ ಮಂಡಕ್ಕಿ, ಶೇಂಗಾ ನಮ್ಮ ಹಕ್ಕು, ಬಿಡುವುದು ಕಷ್ಟ. ಕೂಸಿನ ಕೈಗೆ ಮಾತ್ರ ಕೊಡಬೇಡಿ. ಒಂದು ವರ್ಷದೊಳಗಿನ ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿ ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಕೆಳಭಾಗದಲ್ಲಿ ಒಂದು ಅಂಗೈ ಬುಡದಿಂದ 5 ಸಲ ಒತ್ತುವುದು. ವಸ್ತು ಹೊರಬರುವವರೆಗೆ ಹೀಗೇ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿರಲಿ.

ಕೂಸಿನ ವೇಳೆಗೂ ಹಿರಿಯರ ವೇಳೆಗೂ ತಿಕ್ಕಾಟ ಬರುವುದು ಊಟದಲ್ಲಿ. ಕೂಸಿಗಾಗಿ ನಿಲ್ಲಿಸುತ್ತ ಹೋಗಿ ಊಟ ಮೂರು ಗಂಟೆಗೆ ಜಾರಿದರೆ, ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡ ಅಜ್ಜನಿಗೆ ಬೆವರು, ನಡುಕ ಶುರು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು, 15 ನಿಮಿಷ ಬಿಟ್ಟು ನೋಡಬೇಕು. ಇನ್ಸುಲಿನ್ನನ್ನು ಕೂಸಿನ ಹಾಲಿನ ಡಬ್ಬಿಯಲ್ಲೇ ಐಸಿಗೆ ತಾಗಿಸಿ ಇಡುವವರಿದ್ದಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಟ್ಟೆ ಸುತ್ತಿ ದೂರ ಇಡಿ. ಶೌಚಾಲಯ ಸಿಗದೆಂದು ಅಜ್ಜಿಯರು ನೀರನ್ನೇ ಬಿಡುತ್ತಾರೆ, ಆಮೇಲೆ ಉರಿಮೂತ್ರ. ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯ ಹೊತ್ತು ಬದಲಿಸುವುದಿದ್ದರೆ ಡಾಕ್ಟರನ್ನು ಮೊದಲೇ ಕೇಳಿ. ಕೂಸನ್ನು ಇಳಿಸಿದಾಗಲೆಲ್ಲ ಹಿರಿಯರೂ ಇಳಿದು ಐದು ನಿಮಿಷ ಓಡಾಡಲಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟುವ ಭಯವಿದೆ.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ಕೂಸು, ಹಿರಿಯರು ಇದ್ದರೆ ಆರೂವರೆ ಗಂಟೆ ಇಟ್ಟುಕೊಳ್ಳಿ: ಹಿರಿಯೂರಿನ ಬಳಿ ಒಂದು ನಿಲುಗಡೆ, ಸಿರಾ ದಾಟಿ ಇನ್ನೊಂದು. ಮರದ ನೆರಳು ಕಂಡಿತೆಂದು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬೇಡಿ, ಹಿಂದಿನಿಂದ ಲಾರಿ ಬಂದು ಗುದ್ದುವುದು ಅಲ್ಲೇ. ಬಂಕ್, ಹೋಟೆಲ್ ಅಂಗಳಕ್ಕೆ ಹೋಗಿ. ಬೆಳಗಿನ ಬಿಸಿಲು ಎಡಗಡೆಯೇ ಬೀಳುವುದರಿಂದ ಕಿಟಕಿಗೆ ಜಾಲರಿ ಪರದೆ ಬೇಕು. ಕೂಸಿನ ಸೀಟಿನ ಮೇಲೆ ಬಟ್ಟೆ ಮುಚ್ಚಿದರೆ ಗಾಳಿ ಆಡದು. ನಿಲ್ಲಿಸಿದ ಗಾಡಿಯೊಳಗೆ 10 ನಿಮಿಷದಲ್ಲೇ ಹತ್ತು ಡಿಗ್ರಿಯಷ್ಟು ಕಾವು ಏರಬಹುದು. ಮಲಗಿದೆಯೆಂದು ಕೂಸನ್ನು ಬಿಟ್ಟು ಟೀ ಕುಡಿಯಲು ಇಳಿಯಬೇಡಿ.

ಧರ್ಮಸ್ಥಳದ ದಾರಿಯಲ್ಲಿ ಕೊಟ್ಟಿಗೆಹಾರದಲ್ಲೇ ಕೂಸಿನ ಹಾಲು, ಡಯಾಪರ್ ಮುಗಿಸಿ ಚಾರ್ಮಾಡಿ ಘಾಟಿ ಇಳಿಯಿರಿ, ನಡುವೆ ನಿಲ್ಲಲು ಒಳ್ಳೆಯ ಜಾಗ ಕಡಿಮೆ. ತಿರುವುಗಳಲ್ಲಿ ವಾಂತಿ ಮಾಡುವುದು ಹೆಚ್ಚಾಗಿ ಕೂಸಲ್ಲ, ಬೆಣ್ಣೆದೋಸೆ ತಿಂದು ಹೊರಟ ದೊಡ್ಡವರು. ಹತ್ತಿರದ ಊರುಗಳಲ್ಲಿ ಹರಿಹರದ ಹರಿಹರೇಶ್ವರ ದೇವಸ್ಥಾನ ಹಿರಿಯರಿಗೆ ಸುಲಭ. ದುರ್ಗದ ಕೋಟೆಯಲ್ಲಿ ತಳ್ಳುಗಾಡಿ ನಡೆಯದು, ಮಧ್ಯಾಹ್ನದ ಬಂಡೆಯ ಕಾವು ಕೂಸಿಗೆ ಆಗದು. ಅರ್ಧ ಜನ ಮುಂಜಾನೆ ಹತ್ತಿ ಬರಲಿ, ಉಳಿದವರು ಕೆಳಗಿರಲಿ.

ಟ್ಯಾಕ್ಸಿ ಮಾಲೀಕರಲ್ಲಿ ಒಂದು ಬೇಡಿಕೆ. ಹೊಸ ಸೀಟ್ ಕವರ್ ಹಾಕಿಸುವಾಗ ಹಿಂದಿನ ಬಕಲ್‌ಗಳನ್ನು ಒಳಗೆ ಹೂತುಬಿಡುತ್ತೀರಿ. ಅವನ್ನು ಮೇಲೆ ತೆಗೆಸಿ. ಮಕ್ಕಳ ಸೀಟು ಒಂದೆರಡನ್ನು ಇಟ್ಟುಕೊಂಡು ದಿನದ ಬಾಡಿಗೆಗೆ ಕೊಡಿ, ವರ್ಷಕ್ಕೊಮ್ಮೆ ಜವಳಕ್ಕೆ ಹೋಗುವ ಮನೆಯವರು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಲಾರರು. ಹೆದ್ದಾರಿ ಪ್ರಾಧಿಕಾರದವರು ನಮ್ಮ ಎರಡೂ ಜಿಲ್ಲೆಗಳ ಪ್ರತಿ ಟೋಲ್ ಬಳಿ ಫ್ಯಾನು, ಬೆಂಚು, ಚಿಲಕ ಇರುವ ಹಾಲುಣಿಸುವ ಕೋಣೆ ಒದಗಿಸಲಿ, ಹಿಡಿದು ಏಳಲು ಗೋಡೆಗೆ ಕಂಬಿ ಹಾಕಿದ ಕಮೋಡ್ ಒಂದನ್ನಾದರೂ ಬೀಗ ಹಾಕದೆ ಇಡಲಿ.

ನಿಮ್ಮ ಓದುಗರು, ದಾವಣಗೆರೆ